ಶುಂಠಿಗೆ ಹಾಕೋ ಸುಣ್ಣ ಬ್ಯಾಕ್ಟೀರಿಯಾಗೆ ಏನು ಹೇಳುತ್ತೆ?

ಹೋದ ವರ್ಷ ಆಷಾಢದ ಮಳೆ ಹಿಡ್ಕೊಂಡಿದ್ದ ಟೈಮಲ್ಲಿ ಆಲೂರು ಕಡೆ ನಮ್ಮ ಚಿಕ್ಕಪ್ಪನ ಶುಂಠಿ ನೋಡೋಕೆ ಹೋಗಿದ್ದೆ. ರಸ್ತೆಯಿಂದ ನೋಡಿದ್ರೆ ಎಲ್ಲಾ ಹಸಿರಾಗೇ ಕಾಣ್ತಿತ್ತು, ಬೆಡ್ ಹತ್ರ ಹೋಗಿ ಬಗ್ಗಿ ನೋಡಿದ್ಮೇಲೆ ಗೊತ್ತಾಯ್ತು, ನೀರು ನಿಲ್ಲೋ ಮೂಲೇಲಿ ಏಳೆಂಟು ಗಿಡದ ಎಲೆ ಬೀಡಿ ಸುತ್ತಿದಂಗೆ ಒಳಕ್ಕೆ ಸುತ್ಕೊಂಡಿದ್ವು, ಕೆಳಗಿನ ಎಲೆ ಹಳದಿ ತಿರುಗಿತ್ತು. ಚಿಕ್ಕಪ್ಪ ಒಂದು ಕಾಂಡ ಹಿಡಿದು ಮೆಲ್ಲಗೆ ಎಳೆದ್ರು, ಬೆಣ್ಣೇಲಿ ಕೂದಲು ತೆಗೆದಂಗೆ ಕಿತ್ಕೊಂಡು ಬಂತು. ಬುಡದ ಹತ್ರ ಕೆಟ್ಟ ವಾಸನೆ. ಚಿಕ್ಕಮ್ಮ ತಂದುಕೊಟ್ಟ ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಆ ಕಾಂಡದಲ್ಲಿ ಎರಡಿಂಚು ಕುಯ್ದು ಅದರ ತುದಿ ನೀರಿಗೆ ತಾಗೋ ಹಾಗೆ ಹಿಡ್ಕೊಂಡು ನಿಂತೆ. ಒಂದೆರಡು ನಿಮಿಷ ಆಗಿತ್ತು ಅಷ್ಟೇ, ಕುಯ್ದ ಜಾಗದಿಂದ ಬೆಳ್ಳಗೆ ಎಳೆ ಎಳೆಯಾಗಿ, ಊದುಬತ್ತಿ ಹೊಗೆ ತಲೆಕೆಳಗಾಗಿ ಇಳಿದ ಹಾಗೆ ಏನೋ ಇಳಿಯೋಕೆ ಶುರುವಾಯ್ತು. ನೋಡೋಕೆ ಹಾಲಿನ ಎಳೆ ಥರ ಇರುತ್ತೆ ಆದ್ರೆ ಅದು ಪೂರ್ತಿ ಬ್ಯಾಕ್ಟೀರಿಯಾ, ಗಿಡದ ನೀರಿನ ಕೊಳವೆ ಒಳಗೆ ಕೋಟಿಗಟ್ಟಲೆ ತುಂಬ್ಕೊಂಡಿದ್ದ, ಬಾಡುರೋಗ ತರೋ ರಾಲ್‌ಸ್ಟೋನಿಯಾ.

ಚಿಕ್ಕಪ್ಪ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೇಳಿದ್ರು, "ಸುಣ್ಣ ಹೊಡೆದ್ಬುಟ್ರೆ ಸಾಯಕಿಲ್ವೇನವ್ವ ಇವು? ಅಂಗಡಿಯವ್ನು ಕ್ಯಾಲ್ಸಿಯಂ ನೈಟ್ರೇಟು ಕೊಟ್ಟವ್ನೆ, ಅದ್ರ ಜೊತೇಲೇ ಒಂದು ಆ್ಯಂಟಿಬಯಾಟಿಕ್ ಪುಡೀನೂ ಕೊಟ್ಟವ್ನೆ, ಎರಡೂ ಒಂದೇ ಡ್ರಮ್ಮಿಗೆ ಕಲಸಿ ಬುಡಕ್ಕೆ ಹುಯ್ಯಿ ಅಂದ."

ನಾನು ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಮೈಕ್ರೋಬಯಾಲಜಿ ಹೇಳ್ಕೊಡೋಳು. ಅವರ ಪ್ರಶ್ನೆ ಕೇಳೋಕೆ ಸಣ್ಣದು, ಆದ್ರೆ ಸರಿಯಾಗಿ ಉತ್ತರ ಹೇಳ್ಬೇಕು ಅಂದ್ರೆ ಕ್ಯಾಲ್ಸಿಯಂ ಅನ್ನೋದು ಬ್ಯಾಕ್ಟೀರಿಯಾ ಪಾಲಿಗೆ ಏನು ಅಂತ ಮೊದಲಿಂದ ಹೇಳ್ಬೇಕಾಗುತ್ತೆ. ಅದನ್ನೇ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಈಗ ನಮ್ಮ ಜಿಲ್ಲೇಲಿ ಶುಂಠಿ ಹಾಕಿರೋ ಎಷ್ಟೋ ಜನ ಇದೇ ಡ್ರಮ್ಮಿನ ಮುಂದೆ ನಿಂತಿದ್ದಾರೆ.

ಮೊದಲು ಒಂದು ಗೊಂದಲ ಬಿಡಿಸ್ಬೇಕು. ನಾವು ಸುಣ್ಣ ಅಂತ ಒಂದೇ ಮಾತಲ್ಲಿ ಹೇಳೋದು ನಾಲ್ಕೈದು ಬೇರೆ ಬೇರೆ ವಸ್ತು. ನೀರು ಹಾಕಿ ಅರಳಿಸಿದ ಸುಣ್ಣ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅದು ಬ್ಯಾಕ್ಟೀರಿಯಾನ ಕೊಲ್ಲುತ್ತೆ ನಿಜ, ಆದ್ರೆ ಕೊಲ್ಲೋದು ಅದರ ಕ್ಷಾರ ಗುಣ, ಗೋಡೆಗೆ ಸುಣ್ಣ ಬಳಿಯುವಾಗ ಕೈ ಉರಿಯುತ್ತಲ್ಲ ಅದೇ ಗುಣ. ಬಾವಿಗೆ ಹಾಕೋ ಬ್ಲೀಚಿಂಗ್ ಪೌಡರಲ್ಲೂ ಕ್ಯಾಲ್ಸಿಯಂ ಇದೆ, ಅಲ್ಲಿ ಕೆಲಸ ಮಾಡೋದು ಕ್ಲೋರಿನ್. ಜಿಪ್ಸಮ್ ಹಾಕಿದ್ರೆ ಮಣ್ಣಿಗೆ ಕ್ಯಾಲ್ಸಿಯಂ ಸಿಗುತ್ತೆ, ಪಿಎಚ್ (ಹುಳಿ, ಕ್ಷಾರದ ಅಳತೆ, ಹುಳಿ ಜಾಸ್ತಿ ಇದ್ದಷ್ಟೂ ಕಡಿಮೆ) ಹೆಚ್ಚುಕಮ್ಮಿ ಹಾಗೇ ಇರುತ್ತೆ, ಕೃಷಿ ಸುಣ್ಣ ಮತ್ತು ಡೋಲೋಮೈಟ್ ನಿಧಾನಕ್ಕೆ ಪಿಎಚ್ ಏರಿಸ್ತವೆ. ಇವೆಲ್ಲದರಲ್ಲೂ, ಚಿಕ್ಕಪ್ಪನ ಕ್ಯಾಲ್ಸಿಯಂ ನೈಟ್ರೇಟಲ್ಲೂ ಇರೋ ಕ್ಯಾಲ್ಸಿಯಂ ಅಯಾನ್, ಅಂದ್ರೆ ನೀರಲ್ಲಿ ಕರಗಿ ವಿದ್ಯುತ್ ಚಾರ್ಜ್ ಹೊತ್ತಿರೋ ಕಣ, ಅದೊಂದನ್ನೇ ಬೇರ್ಪಡಿಸಿ ನೋಡಿದ್ರೆ ಅದು ಬ್ಯಾಕ್ಟೀರಿಯಾಗೆ ಹೊರಗಡೆ ಬೇಕೇ ಬೇಕು, ಒಳಗಡೆ ಮಾತ್ರ ಬರಕೂಡದು. ಇಡೀ ಕಥೆ ಇರೋದು ಈ ಹೊರಗೆ ಒಳಗೆ ಅನ್ನೋದ್ರಲ್ಲಿ.

ಒಳಗೆ ಯಾಕೆ ಬರಕೂಡದು ಅಂದ್ರೆ ಫಾಸ್ಫೇಟ್ ಕಾರಣಕ್ಕೆ. ಸೆಲ್ ಒಳಗಿನ ಶಕ್ತಿಯ ವ್ಯವಹಾರ ಎಲ್ಲಾ ನಡೆಯೋದು ಎಟಿಪಿ ಅನ್ನೋ ಫಾಸ್ಫೇಟ್ ಇರೋ ಮಾಲೆಕ್ಯೂಲ್ ಮೂಲಕ, ಡಿಎನ್‌ಎ ಬೆನ್ನೆಲುಬಲ್ಲೂ ಫಾಸ್ಫೇಟೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದೇ ಕಡೆ ಜಾಸ್ತಿ ಸೇರಿದ್ರೆ ಕಲ್ಲಾಗ್ತವೆ, ನಮ್ಮ ಮೂಳೆ ಹಲ್ಲು ಆಗಿರೋದೇ ಹಾಗೆ. ಸೆಲ್ ಒಳಗೆ ಹಾಗಾಗೋಕೆ ಬಿಟ್ರೆ ಬದುಕು ಮುಗೀತು. ಅದಕ್ಕೇ ಬ್ಯಾಕ್ಟೀರಿಯಾ ಪೊರೆಯಲ್ಲಿ ಪಂಪ್‌ಗಳನ್ನ ಇಟ್ಕೊಂಡಿದೆ, ಒಳಗೆ ನುಸುಳಿದ ಕ್ಯಾಲ್ಸಿಯಂನ ಹೊರಕ್ಕೆ ದಬ್ತಾನೇ ಇರುತ್ತೆ. ಕೆಲವು ಪಂಪ್ ಎಟಿಪಿ ಖರ್ಚು ಮಾಡಿ ದಬ್ತವೆ, ನಮ್ಮ ಕರುಳಲ್ಲೇ ಇರೋ ಇ. ಕೋಲಿ ಬ್ಯಾಕ್ಟೀರಿಯಾದ ಚಾ-ಎ ಅನ್ನೋ ಪಂಪ್ ಪ್ರೋಟಾನ್, ಅಂದ್ರೆ ಹೈಡ್ರೋಜನ್ ಅಯಾನ್, ಒಳಗೆ ತಗೊಂಡು ಕ್ಯಾಲ್ಸಿಯಂನ ಹೊರಗೆ ಹಾಕುತ್ತೆ.

ಲೆಕ್ಕ ನೋಡಿ. ನೀರಲ್ಲಿ ಎಷ್ಟು ಕರಗಿದೆ ಅನ್ನೋದನ್ನ ಮೋಲಾರ್ ಲೆಕ್ಕದಲ್ಲಿ ಅಳೀತಾರೆ, 1 ಮಿಲಿಮೋಲಾರ್ ಅಂದ್ರೆ 10 ಲಕ್ಷ ನ್ಯಾನೋಮೋಲಾರ್. ಸುತ್ತಲಿನ ನೀರಲ್ಲಿ ಕ್ಯಾಲ್ಸಿಯಂ 1 ಮಿಲಿಮೋಲಾರ್ ಆಸುಪಾಸು ಇದ್ರೆ, ಇ. ಕೋಲಿ ಒಳಗೆ ಯಾವುದಕ್ಕೂ ಅಂಟದೆ ಬಿಡಿಯಾಗಿ ಓಡಾಡೋ ಕ್ಯಾಲ್ಸಿಯಂ ಬರೀ 100 ನ್ಯಾನೋಮೋಲಾರ್ ಹತ್ರ, ಅಂದ್ರೆ 10,000 ಪಟ್ಟು ಕಡಿಮೆ. ಒಂದು ಇ. ಕೋಲಿಯ ಗಾತ್ರ ಸುಮಾರು 1 ಫೆಮ್ಟೋಲೀಟರ್, ಒಂದು ಲೀಟರನ್ನ ಹತ್ತು ಕೋಟಿ ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು. ಅಷ್ಟು ಜಾಗದಲ್ಲಿ 100 ನ್ಯಾನೋಮೋಲಾರ್ ಅಂದ್ರೆ ಲೆಕ್ಕಕ್ಕೆ ಬರೋದು 60 ಅಯಾನ್. ಅರವತ್ತೇ! ನಮ್ಮ ಒಂದು ಕ್ಲಾಸ್‌ರೂಮಲ್ಲಿ ಕೂರೋ ಮಕ್ಕಳಷ್ಟು. ಹೊರಗಡೆ ಅಷ್ಟೇ ಜಾಗದಲ್ಲಿ 6 ಲಕ್ಷ ನಿಂತಿರ್ತವೆ. ಪೊರೆಯಲ್ಲಿ ಒಂದೇ ಒಂದು ಬಾಗಿಲು ಕಣ್ಣು ಮಿಟುಕಿಸೋ ಅಷ್ಟು ಹೊತ್ತು ತೆರೆದ್ರೂ ಒಳಗಿನ ಲೆಕ್ಕ ಪೂರ್ತಿ ಬದಲಾಗಿ ಹೋಗುತ್ತೆ.

ಗೊರೂರು ಡ್ಯಾಂ ನೋಡಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಹೇಮಾವತಿ ತುಂಬಿ ನಿಂತಾಗ ಗೇಟಿನ ಹಿಂದೆ ಅಷ್ಟೆತ್ತರ ನೀರು, ಮುಂದೆ ಬಂಡೆ ಕಾಣೋ ಹೊಳೆ. ಗೇಟ್ ಒಂದಡಿ ಎತ್ತಿದ್ರೆ ಸಾಕು, ಕೆಳಗಿನ ಊರೋರಿಗೆಲ್ಲಾ ಗೊತ್ತಾಗುತ್ತೆ. ಎರಡೂ ಕಡೆ ನೀರು ಸಮ ಇದ್ದಿದ್ರೆ ಗೇಟ್ ಎತ್ತಿದ್ರೂ ಒಂದೇ ಬಿಟ್ರೂ ಒಂದೇ ಆಗಿರೋದು. ಬ್ಯಾಕ್ಟೀರಿಯಾ ಜೀವ ಉಳಿಸ್ಕೊಳ್ಳೋಕೆ ಅಂತ ಕ್ಯಾಲ್ಸಿಯಂನ ಹೊರಗೆ ತಡೆದು ನಿಲ್ಲಿಸಿತು, ಹಾಗೆ ತಡೆದಿದ್ದರಿಂದಲೇ ಅದು ಸಿಗ್ನಲ್ ಆಗೋಕೆ ಲಾಯಕ್ಕಾಯ್ತು.

ಕ್ಯಾಲ್ಸಿಯಂನ ಮಹತ್ವ ಮೊದಲು ಕಂಡಿದ್ದೂ ನೀರಿಂದಲೇ. 1883ರಲ್ಲಿ ಲಂಡನ್ನಿನ ಡಾಕ್ಟರ್ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನ ಉಪ್ಪುನೀರಲ್ಲಿ ಇಟ್ಟು ಬಡಿತ ನೋಡ್ತಿದ್ರು. ನಲ್ಲಿ ನೀರಲ್ಲಿ ಮಾಡಿದ ಉಪ್ಪುನೀರಾದ್ರೆ ಬಡಿತ ಇರೋದು, ಡಿಸ್ಟಿಲ್ಡ್ ನೀರಲ್ಲಿ ಮಾಡಿದ್ರೆ ನಿಂತುಹೋಗೋದು. ವ್ಯತ್ಯಾಸ ನಲ್ಲಿ ನೀರಲ್ಲಿದ್ದ ಕ್ಯಾಲ್ಸಿಯಂದು. ಇವತ್ತು ಆಸ್ಪತ್ರೇಲಿ ಆರ್‌ಎಲ್ ಡ್ರಿಪ್ ಹಾಕ್ತಾರಲ್ಲ, ಅದರಲ್ಲಿ ಆರ್ ಅಂದ್ರೆ ಇದೇ ರಿಂಗರ್, ಅದರಲ್ಲಿ ಇವತ್ತಿಗೂ ಕ್ಯಾಲ್ಸಿಯಂ ಇದೆ. ಆಮೇಲೆ ನಮ್ಮ ಸ್ನಾಯು, ನರ, ಗಿಡದ ಬೇರು ಎಲ್ಲದರಲ್ಲೂ ಕ್ಯಾಲ್ಸಿಯಂ ಸಿಗ್ನಲ್ ಇದೆ ಅಂತ ಗೊತ್ತಾಯ್ತು. ಬ್ಯಾಕ್ಟೀರಿಯಾ ಸರದಿ ಬಂದಿದ್ದು ತುಂಬಾ ತಡವಾಗಿ, ಯಾಕಂದ್ರೆ ಅಷ್ಟು ಚಿಕ್ಕ ಸೆಲ್ ಒಳಗಿನ ಅರವತ್ತು ಅಯಾನ್‌ನ ಅಳೆಯೋದು ಹೇಗೆ?

ಅಳೆಯೋಕೆ ದಾರಿ ತೋರಿಸಿದ್ದು ಸಮುದ್ರದ ಲೋಳೆಮೀನು. ಜಪಾನಿನ ಒಸಾಮು ಶಿಮೊಮುರಾ 1962ರಲ್ಲಿ ಲೋಳೆಮೀನಿಂದ ಈಕ್ವೊರಿನ್ ಅನ್ನೋ ಪ್ರೋಟೀನ್ ತೆಗೆದ್ರು, ಅದಕ್ಕೆ ಕ್ಯಾಲ್ಸಿಯಂ ತಾಗಿದ್ರೆ ನೀಲಿಯಾಗಿ ಮಿನುಗುತ್ತೆ. ಆಮೇಲೆ ರೋಜರ್ ಚಿಯೆನ್ ತಂಡ 1985ರಲ್ಲಿ ಫ್ಯೂರಾ-2 ಅನ್ನೋ ಡೈ ಮಾಡ್ತು, 2001ರಲ್ಲಿ ಜುನಿಚಿ ನಕಾಯ್ ತಂಡ ಜಿಕ್ಯಾಂಪ್ ಅನ್ನೋ ಹಸಿರಾಗಿ ಹೊಳೆಯೋ ಪ್ರೋಟೀನ್ ಮಾಡ್ತು. ಲೋಳೆಮೀನಲ್ಲೇ ಸಿಗೋ ಜಿಎಫ್‌ಪಿ ಅನ್ನೋ ಹಸಿರು ಪ್ರೋಟೀನ್ ಮೇಲಿನ ಕೆಲಸಕ್ಕೆ 2008ರಲ್ಲಿ ಶಿಮೊಮುರಾ, ಚಿಯೆನ್, ಮಾರ್ಟಿನ್ ಚಾಲ್ಫಿ ಮೂರೂ ಜನಕ್ಕೆ ನೊಬೆಲ್ ಬಂತು. ಈ ಮಿನುಗೋ ಪ್ರೋಟೀನ್‌ನ ಬ್ಯಾಕ್ಟೀರಿಯಾ ಒಳಗೇ ತಯಾರಾಗೋ ಹಾಗೆ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಬಹುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಜೋಯೆಲ್ ಕ್ರಾಲ್ಜ್ ತಂಡ 2017ರಲ್ಲಿ ತೋರಿಸಿದ್ದು ಇದನ್ನೇ, ಒಂದೊಂದೇ ಇ. ಕೋಲಿ ಮಿಂಚುಹುಳದ ಥರ ಹೊಳೆದು ಆರೋದು, ಪೊರೆಯ ವೋಲ್ಟೇಜ್ ಬದಲಾದಾಗ ಕ್ಯಾಲ್ಸಿಯಂ ಒಳಗೆ ನುಗ್ಗೋದು, ಸೆಲ್‌ಗೆ ಮೇಲಿಂದ ಒತ್ತಡ ಬಿದ್ದಾಗ ಆ ಮಿಂಚು ಹೆಚ್ಚಾಗೋದು, ಅದರಿಂದ ಸೆಲ್ ಒಳಗೆ ಯಾವ ಪ್ರೋಟೀನ್ ಎಷ್ಟಿರಬೇಕು ಅನ್ನೋದೂ ಬದಲಾಗೋದು. ಕಣ್ಣಿಲ್ಲದ ಕಿವಿಯಿಲ್ಲದ ಜೀವಿ ಏನೋ ತನ್ನ ಮೈಗೆ ತಾಗ್ತು ಅಂತ ತಿಳ್ಕೊಳ್ತಿದೆ, ಅದೂ ನಮ್ಮ ನರಗಳು ಬಳಸೋ ಅದೇ ಕರೆಂಟು ಅದೇ ಕ್ಯಾಲ್ಸಿಯಂ ಬಳಸಿ. ಪ್ರತಿ ವರ್ಷ ಕ್ಲಾಸಲ್ಲಿ ಇದನ್ನ ಹೇಳುವಾಗ ಮೈ ಜುಮ್ಮೆನ್ನುತ್ತೆ ನಂಗೆ.

ಇಷ್ಟಾದ್ರೂ ಬ್ಯಾಕ್ಟೀರಿಯಾದಲ್ಲಿ ಕ್ಯಾಲ್ಸಿಯಂ ನಮ್ಮ ಸೆಲ್‌ಗಳಲ್ಲಿ ಇರೋ ಹಾಗೇ ಪೂರ್ತಿ ಪ್ರಮಾಣದ ಸಿಗ್ನಲ್ಲಾ ಅನ್ನೋದ್ರಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ವಾದ ಇದೆ. ನಮ್ಮಲ್ಲಿ ಕ್ಯಾಲ್ಮಾಡ್ಯುಲಿನ್ ಅಂತ ಒಂದು ಪ್ರೋಟೀನ್ ಇದೆ, ಕ್ಯಾಲ್ಸಿಯಂ ಹಿಡ್ಕೊಂಡು ಹೋಗಿ ಹತ್ತಾರು ಕಡೆ ಸುದ್ದಿ ಮುಟ್ಟಿಸುತ್ತೆ. ಬ್ಯಾಕ್ಟೀರಿಯಾದಲ್ಲಿ ಅಂಥದ್ದೇ ಆಕಾರದ ತುಂಡುಗಳು ಕೆಲವು ಪ್ರೋಟೀನ್‌ಗಳಲ್ಲಿ ಸಿಕ್ಕಿವೆ, ಆದ್ರೆ ಎಲ್ಲಾ ಬ್ಯಾಕ್ಟೀರಿಯಾಗೂ ಒಂದೇ ಅನ್ನೋ ಅಂಥ ಸುದ್ದಿಗಾರ ಇಲ್ಲ. ನನ್ನ ಅಭಿಪ್ರಾಯದಲ್ಲಿ ಒಂದೇ ಮಾದರಿ ಹುಡುಕೋದೇ ತಪ್ಪು. ಬೇರೆ ಬೇರೆ ಬ್ಯಾಕ್ಟೀರಿಯಾ ಬೇರೆ ಬೇರೆ ದಾರೀಲಿ ಕ್ಯಾಲ್ಸಿಯಂ ಓದ್ಕೊಳ್ತವೆ, ಆದ್ರೆ ಓದ್ಕೊಳ್ಳೋ ವಿಷ್ಯ ಬಹಳ ಸಲ ಒಂದೇ: ನಾನೀಗ ಎಲ್ಲಿದ್ದೀನಿ?

ಪ್ಲೇಗಿನ ಬ್ಯಾಕ್ಟೀರಿಯಾನೇ ತಗೊಳ್ಳಿ. ನಮ್ಮ ಕಡೆ ಹಳೇ ಊರುಗಳಲ್ಲಿ ಪ್ಲೇಗಮ್ಮನ ಗುಡಿ ಇದೆ, ಪ್ಲೇಗ್ ಬಂದಾಗ ಊರಿಗೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ರು ಅಂತ ಅಜ್ಜಿ ಹೇಳ್ತಿದ್ರು. 1894ರಲ್ಲಿ ಹಾಂಗ್‌ಕಾಂಗಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಕಂಡುಹಿಡಿದ ಈ ಯೆರ್ಸಿನಿಯಾ ಬಗ್ಗೆ 1950ರ ದಶಕದಲ್ಲೇ ಒಂದು ವಿಚಿತ್ರ ಗೊತ್ತಾಗಿತ್ತು. 37 ಡಿಗ್ರಿ ಶಾಖದಲ್ಲಿ, ಅಂದ್ರೆ ನಮ್ಮ ಮೈ ಶಾಖದಲ್ಲಿ ಬೆಳೆಸುವಾಗ ಕ್ಯಾಲ್ಸಿಯಂ ಇಲ್ಲದ ಹಾಗೆ ಮಾಡಿದ್ರೆ ಬೆಳವಣಿಗೆ ನಿಂತುಹೋಗುತ್ತೆ, 2.5 ಮಿಲಿಮೋಲಾರ್ ಕ್ಯಾಲ್ಸಿಯಂ ಕೊಟ್ರೆ ಬೆಳೆಯುತ್ತೆ. ಬೆಳವಣಿಗೆ ನಿಂತ ಹೊತ್ತಲ್ಲಿ ಅದು ಸುಮ್ನೆ ಇರಲ್ಲ, ನಮ್ಮ ರಕ್ಷಣಾ ಸೆಲ್‌ಗಳನ್ನ ನಿಷ್ಕ್ರಿಯ ಮಾಡೋ ಪ್ರೋಟೀನ್‌ಗಳನ್ನ ಸೂಜಿ ಥರದ ಒಂದು ಉಪಕರಣದ ಮೂಲಕ ಸುರಿಯೋಕೆ ಶುರು ಮಾಡುತ್ತೆ. ಮೊದಮೊದಲು, ನಮ್ಮ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಸೆಲ್ ಒಳಗೆ ಕಡಿಮೆ, ಆದ್ದರಿಂದ ಕಡಿಮೆಯಾದ ಕೂಡ್ಲೇ ಸೆಲ್ ಒಳಗೆ ಬಂದೆ ಅಂತ ಅದು ತಿಳ್ಕೊಳ್ಳುತ್ತೆ ಅಂತಿದ್ರು. ಈಗಿನ ತಿಳುವಳಿಕೆ ಪ್ರಕಾರ ನಮ್ಮ ಸೆಲ್‌ಗೆ ಮೈ ತಾಗಿದಾಗ ಆ ಸೂಜಿ ಕೆಲಸ ಶುರು ಮಾಡುತ್ತೆ, ಲ್ಯಾಬಲ್ಲಿ ಕ್ಯಾಲ್ಸಿಯಂ ತೆಗೆದಾಗ ಅದೇ ಸ್ಥಿತಿ ಬಂದಂಗೆ ಆಗುತ್ತೆ.

ಟೈಫಾಯ್ಡ್ ತರೋ ಸಾಲ್ಮೊನೆಲ್ಲಾದಲ್ಲಿ ಹೊರಗಿನ ಸ್ಥಿತಿ ಓದೋ ಉಪಕರಣದ ಹೆಸರು ಫೋ-ಕ್ಯೂ. ಪೊರೆಯಲ್ಲಿ ಕೂತ್ಕೊಂಡಿರುತ್ತೆ, ಹೊರಗೆ ಮೆಗ್ನೀಷಿಯಂ ಕ್ಯಾಲ್ಸಿಯಂ ಸಾಕಷ್ಟು ಇದ್ದಷ್ಟು ಹೊತ್ತು ಸುಮ್ನಿರುತ್ತೆ, ಅವು ಕಡಿಮೆಯಾದ್ರೆ ಅಥವಾ ಹುಳಿ ಜಾಸ್ತಿಯಾದ್ರೆ ಒಳಗಿರೋ ಫೋ-ಪಿ ಅನ್ನೋ ಜೊತೆಗಾರನಿಗೆ ತಿಳಿಸುತ್ತೆ, ಅದು ಹೋಗಿ ಡಿಎನ್‌ಎ ಮೇಲೆ ಕೂತು ಬದುಕುಳಿಯೋಕೆ ಬೇಕಾದ ಜೀನ್‌ಗಳನ್ನ ಆನ್ ಮಾಡುತ್ತೆ. ಟೈಫಾಯ್ಡ್ ಬ್ಯಾಕ್ಟೀರಿಯಾ ನಮ್ಮ ಬಿಳಿ ರಕ್ತಕಣದ ಹೊಟ್ಟೆಯೊಳಗೆ ಹೋಗಿಯೂ ಸಾಯದೇ ಇರೋದ್ರಲ್ಲಿ ಇದರ ಪಾಲು ದೊಡ್ಡದು.

ಇನ್ನು ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಮಾಡೋ ವಿಷದ ಕಥೆ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಆ ಟಾಕ್ಸಿನ್ ಬಹಳ ಉದ್ದದ ಪ್ರೋಟೀನ್, ಅದನ್ನ ಕಿರಿದಾದ ಕೊಳವೆಯಲ್ಲಿ ಹೊರಗೆ ಕಳಿಸ್ಬೇಕು. ಮಡಚ್ಕೊಂಡು ಉಂಡೆಯಾದ್ರೆ ಹೊರಗೆ ಹೋಗಲ್ಲ, ಬಿಡಿಸ್ಕೊಂಡೇ ಇದ್ರೆ ಹೊರಗೆ ಹೋದ್ಮೇಲೆ ಕೆಲಸಕ್ಕೆ ಬರಲ್ಲ. ಅದಕ್ಕೆ ಅದರ ಬಾಲದಲ್ಲಿ ಕ್ಯಾಲ್ಸಿಯಂ ಹಿಡಿಯೋ ಗಂಟುಗಳು ಸಾಲಾಗಿವೆ. ಬ್ಯಾಕ್ಟೀರಿಯಾ ಒಳಗೆ ಕ್ಯಾಲ್ಸಿಯಂ ಇಲ್ಲ ಅನ್ನೋಷ್ಟು ಕಡಿಮೆ ಆದ್ದರಿಂದ ಅಲ್ಲಿ ದಾರದ ಥರ ಸಡಿಲವಾಗಿ ಇರುತ್ತೆ, ಕೊಳವೆ ದಾಟಿ ಹೊರಗಿನ ಕ್ಯಾಲ್ಸಿಯಂ ಸಿಕ್ಕಿದ ಕೂಡ್ಲೇ ತಾನಾಗೇ ಮಡಚ್ಕೊಂಡು ಆಕಾರಕ್ಕೆ ಬರುತ್ತೆ. ಆಮೇಲೆ ಮಗುವಿನ ಸೆಲ್ ಒಳಗೆ ನುಗ್ಗಿ ನಮ್ಮದೇ ಕ್ಯಾಲ್ಮಾಡ್ಯುಲಿನ್‌ನ ಹಿಡ್ಕೊಂಡು ಪೂರ್ತಿ ಜೋರಾಗುತ್ತೆ. ತನ್ನ ಹತ್ರ ಇಲ್ಲದ ಬೀಗದ ಕೈಯನ್ನ ನಮ್ಮ ಮನೇಲೇ ತಗೊಂಡು ನಮ್ಮ ಬಾಗಿಲು ತೆಗೆದ ಹಾಗೆ!

ಎಲ್ಲಾ ಬ್ಯಾಕ್ಟೀರಿಯಾ ಶತ್ರು ಅಂತ ಅಂದ್ಕೋಬೇಡಿ. ಸಕಲೇಶಪುರ ಆಲೂರು ಕಡೆ ಭತ್ತದ ಗದ್ದೇಲಿ, ಈಗೀಗ ಹಸುಗೆ ಮೇವಿಗೆ ಅಂತ ತೊಟ್ಟೀಲಿ ಬೆಳೆಸೋ ಅಜೋಲಾದ ಎಲೆಯೊಳಗೆ ಮಣಿಸರದ ಥರ ಒಂದು ನೀಲಿಹಸಿರು ಬ್ಯಾಕ್ಟೀರಿಯಾ ಇರುತ್ತೆ, ಅನಬೀನಾ ಜಾತಿಯದು. ಅನಬೀನಾ ಸರದಲ್ಲಿ ಸುಮಾರು ಹತ್ತು ಸೆಲ್‌ಗೆ ಒಂದು ಸೆಲ್ ಗಾಳಿಯ ಸಾರಜನಕ ಹಿಡಿಯೋ ಕೆಲಸಕ್ಕೆ ಅಂತ ಬೇರೆಯಾಗಿ ಬೆಳೆಯುತ್ತೆ. ಯಾವ ಸೆಲ್ ಹಾಗೆ ಬದಲಾಗುತ್ತೋ ಅದರಲ್ಲಿ ಕ್ಯಾಲ್ಸಿಯಂ ಹಿಡಿದಿಡೋ ಪ್ರೋಟೀನ್ ಕರಗಿ ಬಿಡಿಯಾಗಿ ಓಡಾಡೋ ಕ್ಯಾಲ್ಸಿಯಂ ಹಲವು ಪಟ್ಟು ಏರುತ್ತೆ, ಪಕ್ಕದ ಸೆಲ್‌ಗಳಲ್ಲಿ ಏರಲ್ಲ. ಅಲಸಂದೆ ಅವರೆ ಬೇರಿನ ಗಂಟಿನ ಕಥೇಲೂ ಕ್ಯಾಲ್ಸಿಯಂ ಇದೆ, ಅಲ್ಲಿ ಸಿಗ್ನಲ್ ಏಳೋದು ಗಿಡದ ಕಡೆ. ಆ ಗಂಟಲ್ಲಿ ಸೇರಿ ಸಾರಜನಕ ಹಿಡಿಯೋ ರೈಜೋಬಿಯಂ ಬ್ಯಾಕ್ಟೀರಿಯಾ ಬೇರಿನ ಹತ್ರ ಬಂದು ತನ್ನ ಗುರುತಿನ ಮಾಲೆಕ್ಯೂಲ್ ಬಿಟ್ಟಾಗ ಬೇರುಗೂದಲಿನ ನ್ಯೂಕ್ಲಿಯಸ್ ಸುತ್ತ ಕ್ಯಾಲ್ಸಿಯಂ ಒಂದೆರಡು ನಿಮಿಷಕ್ಕೊಂದು ಸಲ ಏರಿ ಇಳಿಯೋಕೆ ಶುರುವಾಗುತ್ತೆ, ನಾಡಿ ಬಡಿದ ಹಾಗೆ. 1996ರಲ್ಲಿ ಇದು ಮೊದಲು ಕಂಡಿದ್ದು. ಅಲಸಂದೆ ಗಿಡ ಮಣ್ಣಿನ ಸಮೇತ ಎತ್ತಿ ಬೇರು ತೊಳೆದು ಒಂದು ಗಂಟನ್ನ ಉಗುರಲ್ಲಿ ಸೀಳಿ ನೋಡಿ, ಒಳಗೆ ನಸುಗೆಂಪು ಇದ್ರೆ ಆ ಮಾತುಕತೆ ಸರಿಯಾಗಿ ನಡೆದಿದೆ ಅಂತ ಅರ್ಥ. ನಮ್ಮ ಮಲೆನಾಡಿನ ಹುಳಿ ಮಣ್ಣಲ್ಲಿ ಮಳೆಗೆ ಕ್ಯಾಲ್ಸಿಯಂ ಕೊಚ್ಚಿ ಹೋಗಿ ಈ ಗಂಟುಗಳು ಕಡಿಮೆ ಕಟ್ತವೆ, ಕಾಫಿ ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಸುಣ್ಣ ಹಾಕೋ ಪದ್ಧತಿ ಬಂದಿರೋದೂ ಇದೇ ಹುಳಿಗಾಗಿ.

ಕ್ಯಾಲ್ಸಿಯಂನ ಒಳಗೆ ಬಿಟ್ಕೊಳ್ಳೋದೇ ಇಲ್ಲ ಅಂತ ಹೇಳಿದ್ನಲ್ಲ, ಅದಕ್ಕೊಂದು ದೊಡ್ಡ ಅಪವಾದ ಇದೆ, ಅದು ನಮ್ಮೆಲ್ಲರ ಅಡುಗೆಮನೇಲೇ ಇದೆ. ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಆಹಾರ ಸಿಗದ ಕಾಲದಲ್ಲಿ ಬೀಜದ ಥರ ಗಟ್ಟಿ ಸ್ಪೋರ್ ಆಗುತ್ತೆ. ಆಗ ಡಿಪಿಕೊಲಿನಿಕ್ ಆ್ಯಸಿಡ್ ಅನ್ನೋದರ ಜೊತೆ ಕ್ಯಾಲ್ಸಿಯಂನ ಸರಿಸಮ ಕಟ್ಟಿ ತನ್ನ ತಿರುಳಲ್ಲಿ ತುಂಬ್ಕೊಳ್ಳುತ್ತೆ, ಒಳಗಿನ ನೀರು ಕಡಿಮೆಯಾಗುತ್ತೆ. ಸ್ಪೋರ್‌ನ ಒಣತೂಕದಲ್ಲಿ 5ರಿಂದ 15 ಶೇಕಡಾ ಆ ಆ್ಯಸಿಡ್ಡೇ ಇರುತ್ತೆ ಅಂದ್ರೆ ಅಂದಾಜು ಮಾಡಿ. ಹಾಲು ಕುದ್ದು ಉಕ್ಕಿದ್ರೂ ಅನ್ನ ಬೆಂದ್ರೂ ಈ ಸ್ಪೋರ್ ಸಾಯಲ್ಲ. ಲ್ಯಾಬಲ್ಲಿ ನಾವು 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ (ದೊಡ್ಡ ಪ್ರೆಶರ್ ಕುಕ್ಕರ್ ಥರದ್ದು) ಮಾಡೋದು ಇವಕ್ಕಾಗಿಯೇ. ರಾತ್ರಿ ಮಿಕ್ಕ ಅನ್ನ ಬೆಚ್ಚಗೆ ಹೊರಗೇ ಬಿಟ್ರೆ ಬ್ಯಾಸಿಲಸ್ ಸೀರಿಯಸ್‌ನ ಸ್ಪೋರ್ ಎಚ್ಚರ ಆಗುತ್ತೆ, ಎಚ್ಚರ ಆಗುವಾಗ ಮೊದಮೊದಲು ಮಾಡೋ ಕೆಲಸಗಳಲ್ಲಿ ಒಂದು ತುಂಬಿಟ್ಟಿದ್ದ ಆ ಕ್ಯಾಲ್ಸಿಯಂನೆಲ್ಲಾ ಹೊರಗೆ ಚೆಲ್ಲೋದು. ಬೆಳಿಗ್ಗೆ ಅದೇ ಅನ್ನಕ್ಕೆ ಒಗ್ಗರಣೆ ಹಾಕಿ ತಿಂದು ವಾಂತಿ ಮಾಡ್ಕೊಳ್ಳೋರು ಕಡಿಮೆ ಏನಿಲ್ಲ. ಬೇಗ ತಣ್ಣಗೆ ಮಾಡಿ ಫ್ರಿಜ್ಜಲ್ಲಿಡಿ, ಇಷ್ಟೇ.

ಹಾಲಿನ ಡೈರಿ ನಡೆಸೋರಿಗೂ ಒಂದು ಮಾತು. ಬಲ್ಕ್ ಕೂಲರ್ ಒಳಗೆ, ಕ್ಯಾನಿನ ಅಂಚಲ್ಲಿ, ಬಿಳಿ ಪದರ ಕಟ್ಟುತ್ತಲ್ಲ ಮಿಲ್ಕ್ ಸ್ಟೋನ್ ಅಂತಾರೆ, ಅದು ಹಾಲಿನ ಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಪ್ರೋಟೀನ್ ಸೇರಿ ಆಗಿದ್ದು. ಬ್ಯಾಕ್ಟೀರಿಯಾ ಅದರಡಿ ಲೋಳೆ ಕಟ್ಟಿ ಬಯೋಫಿಲ್ಮ್ ಮಾಡ್ಕೊಂಡು ಕೂತ್ಕೊಳ್ತವೆ, ಆ ಲೋಳೆಯ ಎಳೆಗಳನ್ನ ಒಂದಕ್ಕೊಂದು ಬಿಗಿಯೋದ್ರಲ್ಲೂ ಕ್ಯಾಲ್ಸಿಯಂ ಪಾಲಿದೆ. ಬರೀ ಸೋಡಾ ಪುಡಿ ಬಿಸಿನೀರಲ್ಲಿ ತೊಳೆದ್ರೆ ಈ ಕಲ್ಲು ಬಿಡಲ್ಲ, ಆಗಾಗ ಆ್ಯಸಿಡ್ ವಾಶ್ ಬೇಕು ಅಂತ ಹೇಳೋದು ಇದಕ್ಕೇ.

ಈಗ ಚಿಕ್ಕಪ್ಪನ ಡ್ರಮ್ಮಿಗೆ ಬರ್ತೀನಿ. ಅಂಗಡಿಯವನು ಕೊಟ್ಟಿದ್ದ ಪುಡಿ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ್ದು. ಟೆಟ್ರಾಸೈಕ್ಲಿನ್ ಮಾತ್ರೆ ಬರೆದ್ಕೊಡುವಾಗ ಡಾಕ್ಟರು ಹಾಲಿನ ಜೊತೆ ತಗೋಬೇಡಿ ಅಂತಾರೆ, ಯಾಕಂದ್ರೆ ಅದು ಕ್ಯಾಲ್ಸಿಯಂನ ಗಟ್ಟಿಯಾಗಿ ಹಿಡ್ಕೊಂಡು ಕೆಲಸಕ್ಕೆ ಬಾರದಂಗೆ ಆಗುತ್ತೆ. ಚಿಕ್ಕ ಮಕ್ಕಳಿಗೆ ಕೊಟ್ರೆ ಬೆಳೆಯೋ ಹಲ್ಲಿನ ಕ್ಯಾಲ್ಸಿಯಂಗೆ ಅಂಟ್ಕೊಂಡು ಹಲ್ಲಿನ ಬಣ್ಣ ಕೆಡೋದೂ ಇದೇ ಕಾರಣಕ್ಕೆ. ಸ್ಟ್ರೆಪ್ಟೋಮೈಸಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾ ಮೈಗೆ ಅಂಟಿ ಒಳಗೆ ಹೋಗೋಕೂ ಕ್ಯಾಲ್ಸಿಯಂ ಮೆಗ್ನೀಷಿಯಂ ಅಡ್ಡ ಬರ್ತವೆ. ಆಸ್ಪತ್ರೆ ಲ್ಯಾಬಲ್ಲಿ ಯಾವ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತೆ ಅಂತ ಟೆಸ್ಟ್ ಮಾಡೋ ದ್ರವದಲ್ಲಿ ಕ್ಯಾಲ್ಸಿಯಂ ಲೀಟರಿಗೆ 20ರಿಂದ 25 ಮಿಲಿಗ್ರಾಂ ಒಳಗೇ ಇರಬೇಕು ಅಂತ ಕಟ್ಟುನಿಟ್ಟು, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ರಿಸಲ್ಟ್ ಬದಲಾಗುತ್ತೆ ಅಂತ. ಚಿಕ್ಕಪ್ಪನಿಗೆ ಹೇಳಿದ್ದ ಲೆಕ್ಕ 200 ಲೀಟರ್ ಡ್ರಮ್ಮಿಗೆ 1 ಕೆಜಿ ಕ್ಯಾಲ್ಸಿಯಂ ನೈಟ್ರೇಟ್. ಅದರಲ್ಲಿ ಸುಮಾರು 19 ಶೇಕಡಾ ಕ್ಯಾಲ್ಸಿಯಂ, ಅಂದ್ರೆ ಲೀಟರಿಗೆ 900 ಮಿಲಿಗ್ರಾಂಗಿಂತ ಜಾಸ್ತಿ. ಆ ನೀರಿಗೆ ಆ್ಯಂಟಿಬಯಾಟಿಕ್ ಹಾಕಿದ್ರೆ ದುಡ್ಡು ಕೊಟ್ಟು ತಂದ ಎರಡು ವಸ್ತು ಡ್ರಮ್ಮಲ್ಲೇ ಒಂದರ ಕೈ ಒಂದು ಕಟ್ಟಿಹಾಕ್ತವೆ. ಮಣ್ಣಿಗೆ ಹೋಗಿ ಮುಟ್ಟೋದು ಅರೆಬರೆ ಡೋಸ್, ರಾಲ್‌ಸ್ಟೋನಿಯಾ ಸಾಯೋಷ್ಟು ಇರಲ್ಲ, ಆದ್ರೆ ಮಣ್ಣಿನ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗೋಕೆ ಅಷ್ಟು ಸಾಕು. ಸ್ಟ್ರೆಪ್ಟೋಮೈಸಿನ್ ಟಿಬಿಗೂ ಬಳಸಿದ ಔಷಧಿ ಅನ್ನೋದನ್ನ ಮರೆಯೋ ಹಾಗಿಲ್ಲ. ಈ ಎರಡನ್ನ ಬೆಳೆಗೆ ಬಳಸೋದು ನಿಲ್ಲಿಸ್ಬೇಕು ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರಲ್ಲಿ ಕರಡು ಆದೇಶ ಹೊರಡಿಸಿತ್ತು.

ಮನುಷ್ಯರ ಕಡೆ ಆಟನೂ ಹೀಗೇ ಇದೆ. ಕೊಲಿಸ್ಟಿನ್ ಅನ್ನೋದು ಬೇರೆ ಯಾವುದೂ ಕೆಲಸ ಮಾಡದಾಗ ಐಸಿಯುನಲ್ಲಿ ಕೊನೆಗೆ ಕೊಡೋ ಔಷಧಿ. ಕೆಲವು ಬ್ಯಾಕ್ಟೀರಿಯಾದ ಹೊರಪೊರೆಯ ಮಾಲೆಕ್ಯೂಲ್‌ಗಳನ್ನ ಕ್ಯಾಲ್ಸಿಯಂ ಮೆಗ್ನೀಷಿಯಂ ಅಯಾನ್‌ಗಳು ಗಾರೆ ಥರ ಬಿಗಿದಿಟ್ಟಿರ್ತವೆ, ಕೊಲಿಸ್ಟಿನ್ ಆ ಅಯಾನ್‌ಗಳನ್ನ ಪಕ್ಕಕ್ಕೆ ತಳ್ಳಿ ಪೊರೆ ಒಡೆಯುತ್ತೆ. ಡ್ಯಾಪ್ಟೋಮೈಸಿನ್ ಅನ್ನೋ ಇನ್ನೊಂದು ಔಷಧಿ ಅದಕ್ಕೆ ತದ್ವಿರುದ್ಧ, ಕ್ಯಾಲ್ಸಿಯಂ ಇಲ್ಲದೆ ಅದು ಪೊರೆಗೆ ಅಂಟೋದೇ ಇಲ್ಲ, ಅದನ್ನ ಟೆಸ್ಟ್ ಮಾಡುವಾಗ ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಇರಲೇಬೇಕು. ಅಂಥ ಕೊಲಿಸ್ಟಿನ್‌ನ ಕೋಳಿ ಮೇವಿಗೆ ಹಾಕ್ತಿದ್ರು, 2019ರ ಜುಲೈನಲ್ಲಿ ನಮ್ಮ ಸರ್ಕಾರ ಅದನ್ನ ನಿಷೇಧ ಮಾಡ್ತು. ತುಂಬಾ ಒಳ್ಳೇ ಕೆಲಸ, ಬೆಳೆ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲಬೇಕು ಅನ್ನೋದು ನನ್ನ ಆಸೆ.

ಹಾಗಾದ್ರೆ ಶುಂಠಿಗೆ ಕ್ಯಾಲ್ಸಿಯಂ ಬೇಡ್ವಾ? ಬೇಕು, ಆದ್ರೆ ಗಿಡಕ್ಕೋಸ್ಕರ. ಗಿಡದ ಸೆಲ್‌ಗಳ ಮಧ್ಯೆ ಇರೋ ಪೆಕ್ಟಿನ್ ಅನ್ನೋ ಅಂಟನ್ನ ಕ್ಯಾಲ್ಸಿಯಂ ಬಿಗಿಯಾಗಿ ಹೊಲಿದಿಡುತ್ತೆ, ಬ್ಯಾಕ್ಟೀರಿಯಾ ಈಜೋಕೆ ಬಳಸೋ ಚಾವಟಿಯಂಥ ಬಾಲದ ಒಂದು ಚೂರು ತಾಗಿದ್ರೂ ನಿಮಿಷದೊಳಗೆ ಗಿಡದ ಸೆಲ್ ಒಳಗೆ ಕ್ಯಾಲ್ಸಿಯಂ ಏರಿ ರಕ್ಷಣೆ ಕೆಲಸ ಶುರುವಾಗುತ್ತೆ. ಟೊಮ್ಯಾಟೊದಲ್ಲಿ ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕ ಗಿಡಗಳಿಗೆ ಇದೇ ರಾಲ್‌ಸ್ಟೋನಿಯಾ ಬಾಡುರೋಗ ಕಡಿಮೆ ಅಂತ ಜಪಾನಿನ ಪ್ರಯೋಗಗಳಲ್ಲಿ ಕಂಡಿದೆ. ಹುಳಿ ಮಣ್ಣಲ್ಲಿ ಈ ರೋಗ ಜೋರು, ಸುಣ್ಣ ಹಾಕಿ ಹುಳಿ ತಗ್ಗಿಸೋದ್ರಿಂದ ಅನುಕೂಲ ಆಗಬಹುದು. ಇನ್ನೊಂದು ಮುಖವೂ ಇದೆ. ಆಲೂಗಡ್ಡೆ ಕೊಳೆಸೋ ಪೆಕ್ಟೋಬ್ಯಾಕ್ಟೀರಿಯಂ ಗಿಡದ ಪೆಕ್ಟಿನ್ ಕತ್ತರಿಸೋಕೆ ಬಳಸೋ ಎನ್‌ಜೈಮ್‌ಗೆ ಕೆಲಸ ಮಾಡೋಕೆ ಕ್ಯಾಲ್ಸಿಯಂ ಬೇಕು. ಗೋಡೆ ಗಟ್ಟಿ ಮಾಡೋದೂ ಅದೇ, ಗೋಡೆ ಕತ್ತರಿಸೋ ಕತ್ತರಿಗೆ ಸಾಣೆ ಕೊಡೋದೂ ಅದೇ! ಆದ್ರೂ ಒಟ್ಟಾರೆ ನೋಡಿದ್ರೆ ಕ್ಯಾಲ್ಸಿಯಂ ಜಾಸ್ತಿ ಇರೋ ಆಲೂಗಡ್ಡೆ ಕೊಳೆಗೆ ಹೆಚ್ಚು ತಡ್ಕೊಳ್ಳುತ್ತೆ, ಗೋಡೆ ಗಟ್ಟಿಯಾಗೋ ಲಾಭವೇ ದೊಡ್ಡದು.

ಇದೆಲ್ಲಾ ರೋಗ ಬರೋಕೆ ಮುಂಚಿನ ಮಾತು. ಲೋಟದಲ್ಲಿ ಬಿಳಿ ಎಳೆ ಇಳಿದ ಮೇಲೆ, ಕೊಳವೆ ಒಳಗೆ ಲೋಳೆ ಕಟ್ಕೊಂಡು ಕೂತಿರೋ ಬ್ಯಾಕ್ಟೀರಿಯಾಗೆ ಬುಡಕ್ಕೆ ಹುಯ್ದ ಕ್ಯಾಲ್ಸಿಯಂ ಏನೂ ಮಾಡಲ್ಲ. ಹೊರಗೆ 6 ಲಕ್ಷ ಅಯಾನ್ ನಿಂತಿದ್ರೂ ಒಳಗೆ ಅರವತ್ತಕ್ಕೇ ತಡೆದು ಬದುಕಿರೋ ಜೀವಿ ಅದು, ನೀವು ಹೊರಗೆ ಇನ್ನಷ್ಟು ಸುರಿದ್ರೆ ಪಂಪ್ ಇನ್ನಷ್ಟು ಜೋರಾಗಿ ಓಡಿಸುತ್ತೆ ಅಷ್ಟೇ.

ಇದನ್ನೆಲ್ಲಾ ಆವತ್ತು ಜಗಲಿ ಮೇಲೆ ಕೂತು ಹೇಳಿದ್ಮೇಲೆ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳಿದ್ರು, "ಹಂಗಾದ್ರೆ ಈಗೇನ್ ಮಾಡನ?"

ರೋಗ ಬಿದ್ದ ಗಿಡಗಳನ್ನ, ಅದರ ಸುತ್ತ ಎರಡು ಮಾರು ದೂರದ ಗಿಡಗಳನ್ನೂ ಗಡ್ಡೆ ಸಮೇತ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದ್ವಿ, ಆ ಮೂಲೆಯ ನೀರು ಪಕ್ಕದ ಬೆಡ್‌ಗೆ ಹರಿಯದ ಹಾಗೆ ಬೇರೆ ಕಾಲುವೆ ತೆಗೆದ್ವಿ, ಗುದ್ದಲಿ ತೊಳೆದೇ ಇನ್ನೊಂದು ಕಡೆ ಬಳಸೋದು ಅಂತ ಆಳುಗಳಿಗೂ ಹೇಳಿದ್ವಿ. ಕಿತ್ತ ಗುಂಡಿಗೆ ಅರಳಿಸಿದ ಸುಣ್ಣ ಹಾಕಿದ್ವಿ, ಅಲ್ಲಿ ಅದರ ಉರಿ ಕೆಲಸಕ್ಕೆ ಬರುತ್ತೆ. ಪುಡಿ ಪೊಟ್ಟಣ ಒಡೆಯದೇ ಅಂಗಡಿಗೆ ವಾಪಸ್ ಕೊಟ್ರು ಚಿಕ್ಕಪ್ಪ. ಅಷ್ಟಾದ್ರೂ ಅರ್ಧ ಎಕರೆ ಮೇಲೆ ರೋಗಕ್ಕೆ ಹೋಯ್ತು, ಉಳಿದಿದ್ದು ಉಳೀತು.

ಈ ವರ್ಷ ಆ ಜಾಗಕ್ಕೆ ಶುಂಠಿ ಇಲ್ಲ, ಜೋಳ ಹಾಕಿದ್ದಾರೆ, ಆಲೂಗಡ್ಡೆ ಟೊಮ್ಯಾಟೊ ಮೆಣಸಿನಕಾಯಿ ಯಾವುದನ್ನೂ ಹಾಕ್ಬೇಡಿ ಅಂತ ಹೇಳಿದ್ದೆ, ಎಲ್ಲಾ ಇದೇ ರೋಗದ ಆಸರೆ. ಈ ಸಲ ಶುಂಠಿಗೆ ಅಂತ ಇಟ್ಕೊಂಡ ಮೇಲಿನ ಹೊಲದ ಮಣ್ಣನ್ನ ಬೇಸಿಗೇಲೇ ಟೆಸ್ಟಿಗೆ ಕಳಿಸಿದ್ವಿ, ಪಿಎಚ್ 5.2 ಬಂತು. ರಿಪೋರ್ಟಲ್ಲಿ ಬರೆದಷ್ಟು ಕೃಷಿ ಸುಣ್ಣ ನಾಟಿಗೆ ತಿಂಗಳೊಪ್ಪತ್ತು ಮುಂಚೆನೇ ಹರಡಿ ಉತ್ತು, ಬಿತ್ತನೆ ಶುಂಠಿನ ರೋಗ ಇಲ್ಲದ ಹೊಲದ್ದು ಅಂತ ಕಣ್ಣಾರೆ ನೋಡಿ ಆರಿಸಿ ತಂದ್ರು. ಹೋದ ವಾರ ಫೋನ್ ಮಾಡಿದ್ದೆ, ಮಳೆ ಜೋರಿದೆಯಂತೆ. ಅನುಮಾನ ಬಂದ ಎರಡು ಗಿಡದ ಕಾಂಡ ಕುಯ್ದು ಲೋಟದಲ್ಲಿ ಅದ್ದಿ ಹತ್ತು ನಿಮಿಷ ಕಾದಿದ್ದಾರೆ, "ನೀರು ತಿಳಿಯಾಗೇ ಅದೆ ಕಣವ್ವ" ಅಂದ್ರು.